ಲಾಟು ನಂಬರ್ ಇನ್ನೂರ ಹದಿನೇಳು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲಿ
ಸೈರನ್ ಕೂಗಿತೆಂದರೆ
ಮೊಬೈಲಿನೊಳಗೆ ಅಂಕಿಗಳು ಹಿಂದಕ್ಕೆ ನಡೆಯತೊಡಗುತ್ತವೆ.
ಮೊದಮೊದಲು ನಾವೆಲ್ಲ ಮನುಷ್ಯರೇ,
ಚಾ ಕುಡಿಯುತ್ತೇವೆ, ಮಗುವಿನ ಜ್ವರ ವಿಚಾರಿಸುತ್ತೇವೆ,
ಒಳ್ಳೆಯ ಜಾಲರಿಗೆ ಕೈಹಾಕಿ
ಸುಮ್ಮಸುಮ್ಮನೆ ಮೂತಿ ಸೊಟ್ಟಗೆ ಮಾಡುತ್ತೇವೆ.

ನಮ್ಮ ಅಬ್ಬಾ, ಬಿಚ್ಚಣಿಕೆ ದಸ್ತಗೀರ್ ಎಂದರೆ ಹಳಬರಿಗೆ ಗೊತ್ತು,
ಒಂದು ಗೂಡು ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು.
ಕಟಕಟ ಎಂದರೆ ಹುಳು ಗಟ್ಟಿ.
ಸದ್ದಿಲ್ಲದಿದ್ದರೆ ಒಳಗೇ ಸತ್ತು ಅಂಟಿದೆ,
ನೂಲು ನಡುನಡುವೆ ಕಡಿಯುತ್ತದೆ.
ಅಷ್ಟು ಕೇಳಲು ಒಂದು ಬೀಡಿಯಷ್ಟು ಹೊತ್ತು ಬೇಕಿತ್ತು ಅವರಿಗೆ.
ಯಾರೂ ಗಡಿಯಾರ ನೋಡುತ್ತಿರಲಿಲ್ಲ.
ನೋಡುತ್ತಿದ್ದರೇನೋ,
ಮಕ್ಕಳಿಗೆ ಅಪ್ಪಂದಿರ ಅವಸರ ಕಾಣುವುದಿಲ್ಲ.

ಕೊನೆಯ ನಲವತ್ತು ಸೆಕೆಂಡು.
ಇನ್ನೂರ ಹದಿನೇಳಕ್ಕೆ ನಾನು ಐನೂರ ಮೂವತ್ತು.
ಯಾರೋ ಮೂವತ್ತೈದು. ನಾನು ನಲವತ್ತು.
ಯಾರೋ.
ಯಾರೆಂದು ಫೋನು ಹೇಳುವುದಿಲ್ಲ.
ಎದುರು ನಿಂತ ಮುಬಾರಕ್ಕನ ಹೆಬ್ಬೆರಳು ಅಲುಗಿದ್ದು ಕಂಡಿತು,
ಅಷ್ಟೇ.
ಸೌದೆಯ ಖರ್ಚು, ತಿರುವುವವರ ಕೂಲಿ, ನಿನ್ನೆಯ ನೂಲಿನ ದರ,
ತಲೆಯೊಳಗೆ ಸಾಲಾಗಿ ಕೂತಿದ್ದ ಲೆಕ್ಕಗಳೆಲ್ಲ
ಹೊಗೆ ಕಂಡ ಟಾಕೀಸಿನ ಜನರ ಹಾಗೆ
ಒಂದೇ ಬಾಗಿಲಿಗೆ ನುಗ್ಗಿದವು.
ಗೂಡು ನನ್ನ ಮುಷ್ಟಿಯಲ್ಲೇ ಇತ್ತು. ಕಿವಿಗೆ ಹಿಡಿಯಲಿಲ್ಲ.
ಗೆಲ್ಲಬೇಕು ಎಂಬುದೊಂದೇ ಉಳಿಯಿತು,
ಏನನ್ನು ಎಂಬುದು ಉಳಿಯಲಿಲ್ಲ.

ಐನೂರ ತೊಂಬತ್ತು.
ಸೊನ್ನೆ.

ಮುಬಾರಕ್ ಫೋನನ್ನು ಜೇಬಿಗೆ ಇಳಿಬಿಟ್ಟ.
ಮಗಳಿಗೆ ಮೆಸೇಜು ಮಾಡುತ್ತಿದ್ದನಂತೆ,
ಪುಸ್ತಕದಂಗಡಿ ಮಧ್ಯಾಹ್ನ ತೆರೆಯುತ್ತದೆ ಎಂದು.

ಮಾಲಿನವನು ಚಿಂತಾಮಣಿ ಕಡೆಯ ರೆಡ್ಡಿ.
ಒಪ್ಪಲು ಅವನಿಗೂ ಗಡುವಿದೆ.
ಒಮ್ಮೆ ನನ್ನ ಮುಖ ನೋಡಿದ,
ಒಪ್ಪಿದ.
ಚೀಲ ಕಟ್ಟುವಾಗ ತಲೆ ಎತ್ತಲಿಲ್ಲ.

ಮಾರನೆಯ ದಿನ ಶಾಹೀನ್ ಕುದಿನೀರಿನ ಬೇಸಿನ್ ಮುಂದೆ ಕೂತಳು.
ಚಕ್ರ ತಿರುಗುತ್ತಲೇ ಇರುತ್ತದೆ,
ಎಳೆಯ ತುದಿ ಹುಡುಕುವ ಬೆರಳಿಗೆ ಬಿಡುವಿಲ್ಲ.
“ಎಷ್ಟಕ್ಕೆ ತಂದಿರಿ?”
ಹೇಳಿದೆ.
ಅವಳು ಎಳೆ ಸೇರಿಸಿದಳು. ಕಡಿಯಿತು. ಸೇರಿಸಿದಳು.
ಆಮೇಲೆ ಏನೂ ಕೇಳಲಿಲ್ಲ.

ಆ ರಾತ್ರಿ ಜೇಬಿನಲ್ಲಿ ಒಂದು ಗೂಡು ಸಿಕ್ಕಿತು,
ಮುಷ್ಟಿಯಲ್ಲಿದ್ದದ್ದೇ ಇರಬೇಕು.
ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿ
ಕಿವಿಗೆ ಹಿಡಿದು ಅಲ್ಲಾಡಿಸಿದೆ.
ಬೀಡಿ ಮುಗಿಯಿತು. ಇನ್ನೊಂದು ಹಚ್ಚಿದೆ.
ಮಾರ್ಕೆಟ್ ಕಡೆ, ನಾಳೆಯ ಗೂಡು ತುಂಬಿದ ಟೆಂಪೋ ಒಂದು
ಬೀಪ್ ಬೀಪ್ ಎನ್ನುತ್ತ
ಹಿಂದಕ್ಕೆ ಬರುತ್ತಿತ್ತು.