ಐದು ಮಾರ್ಕಿನ ಪ್ರಶ್ನೆ

ಕಾರಣಗಳನ್ನು ಬರೆಯಿರಿ ಅಂತ ಕೇಳಿದ್ದಾರಾ ಶಾಲೆಯಲ್ಲಿ,
ತೊಂಬತ್ತರ ದಶಕದ ಕುಸಿತಕ್ಕೆ? ಐದು ಮಾರ್ಕಿಗೆ?
ಪಿಹ್ಲಾ, ಪೆನ್ಸಿಲ್ ಕೆಳಗಿಡು ಮೊದಲು,
ಕಾಫಿ ಆರುತ್ತದೆ.

ಈ ಲಾಹ್ತಿಯಲ್ಲಿ ಆಗ ನಾನು ಬೂಟು ಹೊಲಿಯುತ್ತಿದ್ದೆ.
ಚಳಿಗಾಲದ ಬೂಟು, ಒಳಗೆ ಕುರಿಯುಣ್ಣೆ,
ನಾಲಗೆಯ ಮೇಲೆ ರಷ್ಯನ್ ಅಕ್ಷರ,
ಪಾಳಿಯೊಂದಕ್ಕೆ ಇನ್ನೂರ ನಲವತ್ತು ಎಡಗಾಲು.
ಬಲಗಾಲು ಹಿಲ್ಕಾಳ ಪಾಲು.
ಎಲ್ಲ ಮಾಸ್ಕೋಗೆ. ಕಣ್ಣುಮುಚ್ಚಿ ಕೊಳ್ಳುತ್ತಿದ್ದರು.
ಒಂದು ವರ್ಷ ಹಣ ಬರಲಿಲ್ಲ. ಮರುವರ್ಷ
ಕೊಳ್ಳುವ ದೇಶವೇ ಇರಲಿಲ್ಲ.
ಗೋದಾಮಿನಲ್ಲಿ ಹದಿನಾಲ್ಕು ಸಾವಿರ ಜೊತೆ
ಬಾಗಿಲ ಕಡೆ ಮುಖ ಮಾಡಿ ನಿಂತಿದ್ದವು.
ಕೊನೆಯ ಸಂಬಳದೊಡನೆ ನಮಗೆ ತಲಾ ಎರಡು ಕೊಟ್ಟರು,
ಅಳತೆ ನೋಡದೆ. ಉಳಿದದ್ದನ್ನು
ಸಂತೆಚೌಕದಲ್ಲಿ ರಾಶಿ ಸುರಿದು ಮಾರಿದರು.

ಅದು ಒಂದು. ಬರೆದುಕೋ ಬೇಕಾದರೆ.

ಎರಡನೆಯದು ಬಿಸಿಲು. ನಗಬೇಡ.
ನಿನ್ನಜ್ಜ ಕೌಕೊನ ತಂಗಿಯ ಗಂಡ, ವೇಯ್ಯೊ,
ಬಸ್ ನಿಲ್ದಾಣದ ಹಿಂದೆ ಬಿಸಿಲಿನ ಅಂಗಡಿ ತೆರೆದ:
ಆರು ಗಾಜಿನ ಮಂಚ, ನೀಲಿ ಟ್ಯೂಬು,
ಹನ್ನೆರಡು ನಿಮಿಷಕ್ಕೆ ಇಪ್ಪತ್ತು ಮಾರ್ಕ.
ಡಿಸೆಂಬರಿನಲ್ಲಿ ಮೂರು ಗಂಟೆಗೇ ಕತ್ತಲಾಗುವ ಊರು.
ಬಿಸಿಲು ಮಾರುವುದು ಹುಚ್ಚೇನಲ್ಲ, ಅಲ್ಲವೇ?
ಬ್ಯಾಂಕಿನವನೂ ಹಾಗೇ ಅಂದ.
ಜರ್ಮನಿಯ ಮಾರ್ಕಿನಲ್ಲಿ ತಗೊಳ್ಳಿ ಸಾಲ, ಬಡ್ಡಿ ಕಮ್ಮಿ,
ನಮ್ಮ ಮಾರ್ಕಕ್ಕೇನಾಗುತ್ತೆ, ಗುಂಡುಕಲ್ಲು ಅಂದ.
ಇದೇ ಮೇಜು. ಏಲಕ್ಕಿ ಬನ್ನಿನ ಪುಡಿ ಕೈಯಲ್ಲಿ ಸರಿಸಿ
ಕೌಕೊ ಜಾಮೀನಿಗೆ ನಿಂತು ಸಹಿ ಹಾಕಿದ.
ಓದಲಿಲ್ಲ. ತಂಗಿಯ ಗಂಡನ ಕಾಗದ
ಎದುರಿಗೇ ಯಾರಾದರೂ ಓದುತ್ತಾರೆಯೇ?

ನವೆಂಬರಿನ ಒಂದು ಶುಕ್ರವಾರ ರೇಡಿಯೋ
ದುಡ್ಡಿನ ಬೆಲೆ ಇಳಿಸಿದ್ದೇವೆ ಎಂದಿತು.
ಮರುವರ್ಷ ಸೆಪ್ಟೆಂಬರಿನಲ್ಲಿ
ಮಾರ್ಕವನ್ನು ತೇಲಿಬಿಟ್ಟಿದ್ದೇವೆ ಎಂದಿತು.
ತೇಲಿಬಿಡುವುದು! ದೋಣಿಗೆ ಆಡುವ ಮಾತು.
ನಾವು ಮಲಗಿದ್ದಾಗ ಆ ಸಾಲ
ಯಾರೂ ಒಂದು ಪೆನ್ನಿ ಮುಟ್ಟದೆ ಬೆಳೆದಿತ್ತು,
ಬಟ್ಟೆ ಮುಚ್ಚಿದ ಪಾತ್ರೆಯಲ್ಲಿ ಹಿಟ್ಟು ಉಬ್ಬಿದ ಹಾಗೆ.

ಬಿಸಿಲಿಗೆ ಬರುವವರು ನಿಂತರು.
ಕೆಲಸ ಹೋದ ಮೈಗೆ ಯಾವ ಬಣ್ಣವಾದರೇನು.
ಬ್ಯಾಂಕೂ ಮುಳುಗಿತು, ಇನ್ನೊಂದು ಬ್ಯಾಂಕು ನುಂಗಿತು;
ಬೋರ್ಡು ಬದಲಾಯಿತು, ನಮ್ಮ ಸಹಿ ಬದಲಾಗಲಿಲ್ಲ.
ಜಪ್ತಿಗೆ ಬಂದವನು ಓಸ್ಮೊ, ಕೌಕೊನ ಜೊತೆ ಶಾಲೆಗೆ ಹೋದವನು.
ಬಾಗಿಲಲ್ಲಿ ಶೂ ಬಿಚ್ಚಿಟ್ಟೇ ಒಳಗೆ ಬಂದ.
ಕಾಲುಚೀಲ ಹೆಬ್ಬೆರಳಲ್ಲಿ ಹರಿದಿತ್ತು. ಹೊಲಿದು ಕೊಡಲೇ, ಅಂದೆ.
ಬೇಡ ಇರ್ಮೆಲಿ, ಅಂತ ಟೀವಿ ಬರೆದುಕೊಂಡ.
ಹೊಲಿಗೆಯಂತ್ರ ನೋಡಿದ. ಬರೆಯಲಿಲ್ಲ.

ಆಮೇಲಿನದು ಕಾರಣವೋ ಪರಿಣಾಮವೋ ನನಗೆ ತಿಳಿಯದು.
ಸೌನಾ ವಾರಕ್ಕೊಂದೇ ಸಲ, ಮೂರು ಮನೆ ಸೇರಿ ಒಂದೇ ಸೌದೆಗೆ.
ಕೌಕೊ ದಿನಾ ಗ್ರಂಥಾಲಯಕ್ಕೆ ಹೋಗಿ
ಪತ್ರಿಕೆಯಲ್ಲಿ ನಿರುದ್ಯೋಗಿಗಳ ಲೆಕ್ಕ ಓದುತ್ತಿದ್ದ,
ತನ್ನನ್ನೂ ಸೇರಿಸಿದ್ದಾರೋ ಇಲ್ಲವೋ ಎಂಬಂತೆ.
ನಿನ್ನಮ್ಮ ಹಲ್ಲುನೋವನ್ನು ಒಂದು ತಿಂಗಳು ಬಚ್ಚಿಟ್ಟಳು.
ಫೋನು ಬಡಿದರೆ ಯಾರೂ ಏಳುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಚರ್ಚಿನ ಹಿಂದೆ ಬ್ರೆಡ್ಡು ಕೊಡುತ್ತಾರೆಂದು ಹೋದೆ.
ಊರ ಸಾಲವೆಲ್ಲ ಸಾಲಾಗಿ ನಿಂತಂತಿತ್ತು.
ಮುಖ ನೋಡಲಾರದವರು ಕಾಲು ನೋಡುತ್ತಾರೆ.
ನೋಡಿದರೆ, ಎಲ್ಲ ನಮ್ಮವೇ ಬೂಟು!
ಮಾಸ್ಕೋಗೆ ಹೋಗಬೇಕಿದ್ದ ನನ್ನ ಎಡಗಾಲುಗಳು
ಒಂದರ ಹಿಂದೊಂದು, ಹಿಮ ತುಳಿಯುತ್ತ.
ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಎಂಟು ಜನರ ಮುಂದೆ ವೇಯ್ಯೊ. ಬಿಳಿಚಿದ ಅಷ್ಟು ಜನರಲ್ಲಿ
ಅವನೊಬ್ಬನ ಕತ್ತು ಇನ್ನೂ ಕಂದು.
ಮಾರಾಟವಾಗದ ಕೊನೆಯ ಮಂಚದಲ್ಲಿ ಮಲಗುತ್ತಿದ್ದನೋ ಏನೋ.
ಎರಡು ವರ್ಷದಿಂದ ಮಾತಿಲ್ಲ. ತಿರುಗಿದ. ನನ್ನ ಕಂಡ.
ಕ್ಷಮಿಸು ಅನ್ನಲಿಲ್ಲ.
"ಓರ್ವೊಕ್ಕಿ ಮೂಲೆಯಲ್ಲಿ ನಿಂತಿದ್ದಾಳೆ, ಬರಲು ನಾಚಿಕೆ ಅವಳಿಗೆ.
ಕರೆತರುತ್ತೇನೆ. ನನ್ನ ಜಾಗ ನೋಡಿಕೊಳ್ಳುತ್ತೀಯಾ?"

ನನ್ನ ಜಾಗ ಬಿಟ್ಟು
ಅವನ ಜಾಗದಲ್ಲಿ ನಿಂತೆ.

ಅದು ಎಷ್ಟನೆಯದೋ, ಅಂಕಿ ನೀನೇ ಹಾಕಿಕೋ.
ಬನ್ನು ತಿನ್ನು. ಪುಸ್ತಕದ ಮೇಲೆ ಪುಡಿ ಬಿದ್ದೀತು.