ಮಿರ್ಜಾಪುರದ ಹೊತ್ತು

ಪುಣೆಯ ನಮ್ಮ ವಿದ್ಯಾಪೀಠದಲ್ಲಿ
ಎಲ್ಲಿಗೂ ಹೋಗದ ಹದಿನಾಲ್ಕು ಮೆಟ್ಟಿಲುಗಳಿವೆ,
ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಗೆ ಕೇಳಿಸುವ ಕಮಾನಿದೆ
(ಪ್ರೇಮಿಗಳು ಅದರಡಿ ಬಾಯಿಮುಚ್ಚಿ ದಾಟುತ್ತಾರೆ).
ನನಗೆ ಸಂಬಂಧಪಟ್ಟದ್ದು ಮಾತ್ರ
ಗಣಿತ ವಿಭಾಗದ ಮುಂದಿನ ಬಿಸಿಲುಗಡಿಯಾರ:
ಒಂದು ಹಾಸುಗಲ್ಲು, ಓರೆಯಾಗಿ ನೆಟ್ಟ ಕಬ್ಬಿಣದ ರೆಕ್ಕೆ,
ಅವೆರಡರ ನಡುವೆ ದುಡಿಯುವ ನೆರಳು.

ನಾನು ಹಾಜರಿ ಗುಮಾಸ್ತ.
ಎಂಟಕ್ಕೆ ರಿಜಿಸ್ಟರು ತೆರೆದು, ಎಂಟೂ ಹತ್ತಕ್ಕೆ
ಕೆಂಪು ಪೆನ್ನಿನ ಟೊಪ್ಪಿಗೆ ತೆಗೆಯುವವನು.
ಸಾಯವ್ವ ತಡವಲಗಿ ಬರುವುದು ಎಂಟೂ ಇಪ್ಪತ್ತಕ್ಕೆ;
ವಾರ್ಜೆಯ ಬಸ್ಸು ನಳ ಸ್ಟಾಪಿನಲ್ಲಿ ತೂಕಡಿಸುತ್ತದೆ.
ಒಂದು ದಿನ ಕೆಂಪು ಗೆರೆ ಎಳೆದೆನೋ ಇಲ್ಲವೋ,
ಪೊರಕೆ ಕಂಕುಳಲ್ಲಿ ಒತ್ತಿ
ನನ್ನನ್ನು ಕಲ್ಲಿನ ತನಕ ನಡೆಸಿಕೊಂಡು ಹೋದಳು.
"ಇಲ್ನೋಡ್ರಿ. ಏಳೂವರಿ.
ನೀವ ಬಾಗಲಾ ಲಗೂ ತಗದೀರಿ."

ಅಂಕಿ ಬಾರದವಳು. ಗೆರೆ ಎಣಿಸುತ್ತಾಳೆ.

ಪ್ರೊಫೆಸರ್ ವೃಂದಾ ಪಟಂಕರ್ ಚಹಾ ಊದುತ್ತ ತೀರ್ಪು ಕೊಟ್ಟರು:
ಕಲ್ಲು ಸುಳ್ಳು ಹೇಳುತ್ತಿಲ್ಲ.
ನಿಮ್ಮ ಮಣಿಕಟ್ಟಿನಲ್ಲಿರುವುದು ಮಿರ್ಜಾಪುರದ ಹೊತ್ತು,
ದೇಶಕ್ಕೆಲ್ಲ ಅಲ್ಲಿಯ ಬಿಸಿಲನ್ನೇ ಹಂಚಿದ್ದಾರೆ.
ಪುಣೆಯ ಸೂರ್ಯ ಅರ್ಧ ಗಂಟೆ ಹಿಂದೆ,
ಮಾಘದಲ್ಲಿ ಮುಕ್ಕಾಲು,
ದೀಪಾವಳಿಯ ಹೊತ್ತಿಗೆ ಇಪ್ಪತ್ತು ನಿಮಿಷವೂ ಇಲ್ಲ.

ಹಾಗಾದರೆ ಇಪ್ಪತ್ತೆರಡು ವರ್ಷ ನಾನೆಳೆದ ಗೆರೆಗಳು
ಯಾರ ಖಾತೆಗೆ?
ಮಿರ್ಜಾಪುರ ಕಂಡವನಲ್ಲ ನಾನು.
ಅಲ್ಲಿ ಜಮಖಾನ ಚೆನ್ನಾಗಿ ನೇಯುತ್ತಾರಂತೆ.

ಇಂಡಿಯಿಂದ ಅವಳ ತಂಗಿ ಫೋನು ಮಾಡುತ್ತಾಳೆ,
ಲಿಂಬೆ ಹರಿಯಲು ಹೋಗುವ ಮೊದಲು:
"ಇಲ್ಲಿ ಹೊತ್ತು ಹೊಂಟೈತಿ ಅಕ್ಕಾ."
ಇವಳು ಎಂಟು ನಿಮಿಷ ಅದೂ ಇದೂ ಮಾತಾಡಿ
ಕಿಟಕಿ ತೆರೆದು,
"ಹ್ಞಾ, ಬಂದ ಈಗ" ಎಂದು ಫೋನಿಡುತ್ತಾಳೆ.

ಮಳೆಗಾಲಕ್ಕೆ ಕಲ್ಲು ಮೂಕ. ನೆರಳಿಲ್ಲ, ಪಾಚಿಯಿದೆ.
ಆ ಮೂರು ತಿಂಗಳು ಸಾಯವ್ವ
ಎಂಟಕ್ಕೆ ಐದು ನಿಮಿಷವಿರುವಾಗಲೇ ಹಾಜರು.
ಕೇಳಿದರೆ, "ಸಾಕ್ಷಿ ಇಲ್ಲದಾಗ ಜಗಳಾ ತಗೀಬಾರದ್ರಿ."

ಮೇ ಹದಿಮೂರಕ್ಕೆ ಹುಡುಗರೆಲ್ಲ ಕಲ್ಲಿನ ಸುತ್ತ ಸೇರುತ್ತಾರೆ,
ನೀರಿನ ಬಾಟಲಿ, ಸ್ಟೀಲಿನ ಲೋಟ, ಒಬ್ಬ ಬಿಲಿಯರ್ಡ್ಸ್ ಕೋಲು ತಂದಿದ್ದ.
ಹನ್ನೆರಡೂವರೆಗೆ, ನೆಟ್ಟಗೆ ನಿಂತ ಯಾವುದಕ್ಕೂ
ಅತ್ತಿತ್ತ ಚಾಚಲು ನೆರಳಿರುವುದಿಲ್ಲ.
ಜುಲೈಯ ಕೊನೆಗೆ ಇನ್ನೊಮ್ಮೆ ಹೀಗಾಗುತ್ತದಂತೆ, ಮೋಡದ ಮೇಲೆ.

ಸಾಯವ್ವ ಪೊರಕೆಯ ಕೋಲು ನಿಲ್ಲಿಸಿ
ಬುಡ ನೋಡಿ ನಕ್ಕಳು: ಗುಡಿಸಲಿಕ್ಕೆ ಏನೂ ಬಿದ್ದಿರಲಿಲ್ಲ.
ನಾನು ರಿಜಿಸ್ಟರು ತಂದಿದ್ದೆ, ಯಾಕೋ.
ತೆರೆದ ಹಾಳೆಯ ಮೇಲೆ
ಕೆಂಪು ಪೆನ್ನನ್ನು ನೆಟ್ಟಗೆ ಹಿಡಿದೆ.
ಅದರ ನೆರಳು ಅದರೊಳಗೇ ಇಳಿದುಹೋಯಿತು.
ಹಿಡಿದ ಕೈಯದು ಮಾತ್ರ
ಅವಳ ಹೆಸರಿನ ಮೇಲೆ ಹಾಗೇ ಕೂತಿತ್ತು.

"ಕೈ ತಗೀರಿ ಸಾಹೇಬ್ರ," ಅಂದಳು,
"ಕಾಣವಲ್ದು."