ಎಡಗಡೆ ನಾಲ್ಕು ಬೆರಳು

ಲಿಫ್ಟಿನೊಳಗೆ ಹಿಡಿಸಲಿಲ್ಲ ಪೆಟ್ಟಿಗೆ.
ಐದು ಮಹಡಿ, ನಾಲ್ಕು ಜನ;
ತಿರುವು ತಿರುವಿಗೂ ಇಳಿಸಿ, ಉಸಿರು ಬಿಟ್ಟು,
ಮತ್ತೆ ಹೆಗಲು ಕೊಟ್ಟು ತಂದರು.
ಕೆಳಮನೆಯ ವ್ರೂಬೆಲ್ ಬಾಗಿಲು ತೆರೆದವನೇ
ಟೋಪಿ ತೆಗೆದು ಶಿಲುಬೆಯ ಗುರುತು ಹಾಕಿಕೊಂಡ.
"ಯಾರು ಹೋದದ್ದು?"
"ಹೋದದ್ದಲ್ಲ, ಬಂದದ್ದು," ಅಂದೆ.
"ಇನ್ನೊಂದು ಹಿಂದೆ ಬರುತ್ತಿದೆ."

ಗ್ದಾನ್ಸ್ಕಿನ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಬೆಸುಗೆ ಹಾಕಿದವನು ನನ್ನ ಲೆಸ್ವಾಫ್.
ಉಕ್ಕಿನ ಹೊಟ್ಟೆಯೊಳಗೆ ಕುಕ್ಕರುಗಾಲು,
ಹೊರಗೂ ಸುತ್ತಿಗೆ, ಒಳಗೂ ಸುತ್ತಿಗೆ.
ಕಡೆಗೆ ಕೈಗೆ ಬಂದ ಗಂಟು ಎಣಿಸಿ
ಒಂದು ಕಾರು ಕೊಳ್ಳೋಣ ಅಂದೆ.
ಕೊಂಡದ್ದು ಇದು:
ಎದೆಯೆತ್ತರದ ಎರಡು ವಾಲ್ನಟ್ ಮರದ ಸ್ಪೀಕರು,
ಕೆಂಡದಂತೆ ಕಣ್ಣು ಬಿಡುವ ಎಂಟು ವಾಲ್ವು,
ನನ್ನ ಹೆಬ್ಬೆರಳಿಗಿಂತ ದಪ್ಪನೆಯ ತಂತಿ.
ತಂತಿಯ ಬೆಲೆ ಕೇಳಿದರೆ
ಹೊರಗೆ ಚಳಿ ಜಾಸ್ತಿಯಾಯಿತು ಅನ್ನುತ್ತಾನೆ.

ಕೋಣೆ ಖಾಲಿ ಮಾಡಿಸಿ, ನಡುವೆ ನಿಂತು
ಚಪ್ಪಾಳೆ ತಟ್ಟಿದ. ಗೋಡೆ ಮರುತಟ್ಟಿತು.
ಇನ್ನೊಮ್ಮೆ.
ಮೂರನೆಯ ಸಲಕ್ಕೆ ಕೆಳಗಿನಿಂದ ವ್ರೂಬೆಲ್
ಕೋಲಿನಲ್ಲಿ ಕುಟ್ಟಿ ಉತ್ತರ ಕೊಟ್ಟ.
ಅತ್ತೆಯ ಜಮಖಾನ ಗೋಡೆಗೇರಿತು.
ಪುಸ್ತಕಗಳು ಒಂದು ಒಳಗೆ ಒಂದು ಹೊರಗೆ,
ಹಲ್ಲು ಮುರಿದ ಬಾಚಣಿಗೆಯ ಹಾಗೆ.
ನನ್ನ ಗಾಜಿನ ಲೋಟಗಳ ಬೀರು
ತಗ್ಗುಸ್ವರಕ್ಕೆ ಹಲ್ಲು ಕಡಿಯುತ್ತದಂತೆ;
ಗಡೀಪಾರಾಗಿ ಬಾಗಿಲ ಹತ್ತಿರ ನಿಂತಿದೆ,
ರಾತ್ರಿ ನೀರಿಗೆಂದು ಎದ್ದರೆ ಮೊಣಕಾಲು ಕೇಳುತ್ತದೆ.

ಆಮೇಲೆ ಅಳತೆ.
ಹಿಂಗೋಡೆಗೆ ಎಂಬತ್ತನಾಲ್ಕು ಸೆಂಟಿಮೀಟರು.
ಮೊಳೆಗಾಲು ನೆಲ ಕೊರೆಯದಂತೆ ಅಡಿಗೆ
ಬೆಲೆ ಸತ್ತ ಹಳೆಯ ಝ್ವೋತಿ ನಾಣ್ಯ.
ಅಂಥವನ್ನು ಮುಷ್ಟಿಯಲ್ಲಿ ಹಿಡಿದು, ಸಾಲಿನಲ್ಲಿ ನಿಂತು
ಬ್ರೆಡ್ಡು ತಂದದ್ದುಂಟು ನಾನು.
ನೆಲಕ್ಕೆ ಕಾಗದದ ಪಟ್ಟಿ, ಪಟ್ಟಿಯ ಮೇಲೆ ಪೆನ್ಸಿಲ್ ಗೆರೆ,
ಗೆರೆಯ ಪಕ್ಕ ತಾರೀಖು.
ಕುರ್ಚಿ ಒಂದೇ.
"ಇಲ್ಲಿ ಕೂತರೆ ಮಾತ್ರ
ಹಾಡುವವಳು ಎದುರಿಗೆ ಬಂದು ನಿಲ್ಲುತ್ತಾಳೆ."
ಮೂವತ್ತೊಂಬತ್ತು ವರ್ಷ ಎದುರಿಗೆ ನಿಂತಿದ್ದೇನೆ,
ಟೇಪು ಹಿಡಿದವರಿಲ್ಲ.

ಹನ್ನೊಂದು ದಿನ ಸರಿಸಿದ.
ಬಲಗಡೆಯದು ಕೂದಲೆಳೆ ಒಳಕ್ಕೆ,
ಎಡಗಡೆಯದು ಮುಂದಕ್ಕೆ, ಇನ್ನೂ ಮುಂದಕ್ಕೆ,
ನಾಲ್ಕು ಬೆರಳು.
ಹನ್ನೆರಡನೆಯ ದಿನ ಕಣ್ಣು ಮುಚ್ಚಿ
ಬಾಯಿ ಮಗುವಿನ ಹಾಗೆ ತುಸು ತೆರೆದು
ಅಲ್ಲಾಡದೆ ಕೂತ.
"ಬಂದಳು," ಅಂದ.

ಮೇಲ್ಮನೆಯ ಕಿಂಗಾ ಪಿಟೀಲು ಕಲಿಯುವ ಹುಡುಗಿ.
ಅವನು ಚಹಾಕ್ಕೆ ಒಳಗೆ ಹೋದಾಗ ಕುರ್ಚಿಯಲ್ಲಿ ಕೂತು
ಹುಬ್ಬು ಗಂಟಿಕ್ಕಿ ಪಿಸುಗುಟ್ಟಿದಳು:
"ಹಾಡುವವಳು ನಡುವೆ ಇಲ್ಲ, ಅಜ್ಜಿ.
ಎಡಕ್ಕೆ, ಅಲ್ಲಿ,
ಅಡುಗೆಮನೆಯ ಬಾಗಿಲಿಗೆ ಒರಗಿದ್ದಾಳೆ."

ನನಗೆ ಗೊತ್ತು.
ಹಡಗುಕಟ್ಟೆ ಅವನ ಎಡಗಿವಿಯನ್ನು
ತಿಂಗಳು ತಿಂಗಳೂ ಸಂಬಳದಲ್ಲಿ ಮುರಿದುಕೊಂಡಿತು.
ನಾನು ಮಲಗುವುದು ಆ ಮಗ್ಗುಲಿಗೆ.
ಕೆಲವು ಮಾತು ಅಲ್ಲಿ ಬಿದ್ದು ಕಳೆದುಹೋದವು,
ಕೆಲವನ್ನು
ಕಳೆದುಹೋಗಲೆಂದೇ ಅಲ್ಲಿ ಆಡಿದ್ದೇನೆ.

ಹುಡುಗಿ ಹೇಳಹೊರಟಳು. ಬೆರಳು ತುಟಿಗಿಟ್ಟೆ.
ಮೂರು ಲೋಟ ಚಹಾ ಬಂತು,
ಒಂದರಲ್ಲಿ ಸಕ್ಕರೆ ಮರೆತಿದ್ದ.

ಈಗ ಸಂಜೆ ಅವನು ಕುರ್ಚಿಯಲ್ಲಿ,
ನಾನು ಆಲೂಗಡ್ಡೆ ಸುಲಿಯುತ್ತ ಬಾಗಿಲು ಅರೆ ತೆರೆದಿಡುತ್ತೇನೆ.
ನನ್ನ ಮೊಣಕೈ ಹತ್ತಿರ ಯಾರೋ
ಮುಂದಿನ ಸಾಲಿಗೆ ಉಸಿರೆಳೆದುಕೊಳ್ಳುತ್ತಾಳೆ.
ಚಾಕು ಅಷ್ಟು ಹೊತ್ತು ನಿಲ್ಲುತ್ತದೆ.

ಶನಿವಾರ ನೆಲ ಒರೆಸುವಾಗ
ಆ ಕಾಗದದ ಪಟ್ಟಿ ನೆನೆಯದಂತೆ
ಸುತ್ತ ಒರೆಸುತ್ತೇನೆ.